ಡಾಕ್ಟರ್ ಇನ್ನೂ ಮಾತಾಡಿಲ್ಲ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಬೇಸ್‌ಬಾಲ್ ಆಟಗಾರರ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಸ್ಪೋರ್ಟ್ಸ್ ಆ್ಯಪ್‌ಗೆ. ಸೀಸನ್ ನಡೆಯುವಾಗ ದೊಡ್ಡ ತಲೆನೋವಿಲ್ಲ, ಸ್ಕೋರ್ ತಾನಾಗಿಯೇ ಬಂದು ಕೂರುತ್ತದೆ. ಆಟವೇ ಇಲ್ಲದ ನವೆಂಬರ್, ಡಿಸೆಂಬರ್‌ನಲ್ಲೇ ಕೆಲಸ ಜಾಸ್ತಿ. ಯಾರು ಯಾವ ತಂಡಕ್ಕೆ ಹೋಗುತ್ತಾರೆ ಅನ್ನುವ ಅಂತೆಕಂತೆಗಳ ಸಂತೆ ಅದು. ಅಲ್ಲಿ ಮಧ್ಯಾಹ್ನ ಹುಟ್ಟಿದ ಸುದ್ದಿ ನಮ್ಮ ನೈಟ್ ಶಿಫ್ಟ್‌ಗೆ ಬಂದು ಬೀಳುವುದು ಕಣ್ಣು ಎಳೆಯುವ ಹೊತ್ತಿಗೆ.

ಐಪಿಎಲ್ ಹರಾಜಾದರೆ ಸುತ್ತಿಗೆ ಬಿತ್ತು, ಮುಗೀತು. ಇಲ್ಲಿ ಸುತ್ತಿಗೆಯೇ ಇಲ್ಲ. ‘ಒಪ್ಪಂದ ಆಗಿದೆ’ ಅಂತ ರಿಪೋರ್ಟರ್ ಬರೆದ ಮೇಲೂ ಆಟಗಾರನ ಮೆಡಿಕಲ್ ಟೆಸ್ಟ್ ಬಾಕಿ ಇರುತ್ತದೆ. ಅದು ಪಾಸಾದರೂ ಆಟಗಾರನಿಗೆ ತಂಡದ 40 ಜನರ ಪಟ್ಟಿಯಲ್ಲಿ ಜಾಗ ಬೇಕು. ಪಟ್ಟಿ ತುಂಬಿದ್ದರೆ ಇನ್ನೊಬ್ಬನನ್ನು ಕೈಬಿಡಬೇಕು. ಹಾಗಾಗಿ ತಂಡಗಳು ಸುಮ್ನೆ ದಿನ ತಳ್ಳುತ್ತವೆ.

ಹೊಸಬರು ಸೇರಿದರೆ ನಾನು ಮೊದಲು ತೋರಿಸುವುದು ಕಾರ್ಲೋಸ್ ಕೊರಿಯಾನ ಎಂಟ್ರಿ. 2022ರ ಡಿಸೆಂಬರ್. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಜತೆ 13 ವರ್ಷ, 35 ಕೋಟಿ ಡಾಲರ್ ಅಂತ ಸುದ್ದಿ ಬಂತು. ಅವನನ್ನು ಪರಿಚಯಿಸಲು ಸುದ್ದಿಗೋಷ್ಠಿಯೂ ನಿಗದಿಯಾಗಿತ್ತು. ಇನ್ನು ಕೆಲವೇ ಗಂಟೆ ಇದೆ ಅನ್ನುವಾಗ ಅದನ್ನು ತಡೆದರು. ಅವನ ಬಲಗಾಲಿಗೆ 2014ರಲ್ಲಿ ಆಪರೇಷನ್ ಆಗಿತ್ತು, ಮೆಡಿಕಲ್‌ನಲ್ಲಿ ಅದೇ ಕಾಲು ಡಾಕ್ಟರ್‌ಗಳ ಕಣ್ಣಿಗೆ ಬಿದ್ದಿತ್ತು. ಏಜೆಂಟ್ ಸ್ಕಾಟ್ ಬೋರಾಸ್ ಕಾಯುವವರಲ್ಲ. ರಾತ್ರೋರಾತ್ರಿ ನ್ಯೂಯಾರ್ಕ್ ಮೆಟ್ಸ್ ಜತೆ ಮಾತಾಡಿದರು: 12 ವರ್ಷ, 31.5 ಕೋಟಿ. ಅಲ್ಲಿನ ಡಾಕ್ಟರ್‌ಗಳೂ ಅದೇ ಕಾಲಿನ ತಕರಾರು ತೆಗೆದರು. ಕೊನೆಗೆ 2023ರ ಜನವರಿಯಲ್ಲಿ 6 ವರ್ಷಕ್ಕೆ 20 ಕೋಟಿ ಗ್ಯಾರಂಟಿ ಪಡೆದು ಸೇರಿದ್ದು ಮಿನ್ನೆಸೋಟ ಟ್ವಿನ್ಸ್‌ಗೆ. ಹಿಂದಿನ ಸೀಸನ್ ಆಡಿದ್ದೂ ಅಲ್ಲೇ! ಡೇಟಾಬೇಸ್‌ನಲ್ಲಿ ತಂಡದ ಹೆಸರು ಮುಟ್ಟುವ ಅಗತ್ಯವೇ ಇರಲಿಲ್ಲ.

ಆ ದಿನಗಳಲ್ಲಿ ಬೇರೆ ಆ್ಯಪ್‌ಗಳು ತಂಡ ಬದಲಿಸಿದವು, ನಾವ್ಯಾಕೆ ಹಿಂದೆ ಅಂತ ಮೇಲಿಂದ ಒತ್ತಡ ಇತ್ತು. ನಮ್ಮ ಶಿಫ್ಟ್ ಲೀಡ್ ಕೈಕಟ್ಟಿ ಕೂತಿದ್ದರು. ‘ಡಾಕ್ಟರ್ ಇನ್ನೂ ಮಾತಾಡಿಲ್ಲ’ ಅಂದರು, ಅಷ್ಟೆ. ಅವರು ಇನ್ನೊಂದು ಅಭ್ಯಾಸವನ್ನೂ ಹಚ್ಚಿಸಿದರು. ಎಷ್ಟು ಜನ ಹೇಳುತ್ತಿದ್ದಾರೆ ಅಂತ ಎಣಿಸಬೇಡ, ಮೊದಲು ಹೇಳಿದವನಿಗೆ ಹೇಗೆ ಗೊತ್ತಾಯಿತು ಅಂತ ಕೇಳು. ಏಜೆಂಟ್‌ಗೆ ಬೆಲೆ ಏರಬೇಕಿರುತ್ತದೆ. ತಂಡಕ್ಕೆ ಎದುರಾಳಿಯನ್ನು ಹೆದರಿಸಬೇಕಿರುತ್ತದೆ. ಸುದ್ದಿ ಹೊರಬಂದರೆ ಯಾರಿಗೆ ಲಾಭ ಅನ್ನುವುದನ್ನೂ ನೋಡಬೇಕಲ್ವಾ?

2023ರ ಡಿಸೆಂಬರ್ 8ರಂದು ಈ ಅಭ್ಯಾಸ ಕೈಹಿಡಿಯಿತು. ಜಪಾನಿನ ಸ್ಟಾರ್ ಆಟಗಾರ ಶೋಹೇ ಒಹ್ತಾನಿ ಕೆನಡಾದ ಟೊರೊಂಟೊ ತಂಡ ಸೇರಲು ಅಲ್ಲಿಗೆ ಹೊರಟಿದ್ದಾರೆ ಅಂತ ದೊಡ್ಡ ರಿಪೋರ್ಟರ್‌ಗಳೇ ಬರೆದರು. ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಹೊರಟ ಒಂದು ಪ್ರೈವೇಟ್ ಜೆಟ್ ಅನ್ನು ಸಾವಿರಾರು ಅಭಿಮಾನಿಗಳು ಫ್ಲೈಟ್ ಟ್ರ್ಯಾಕರ್‌ನಲ್ಲಿ ಬೆನ್ನು ಹತ್ತಿದರು. ವಿಮಾನ ಇಳಿಯಿತು. ಒಳಗಿದ್ದದ್ದು ಕೆನಡಾದ ಉದ್ಯಮಿ ರಾಬರ್ಟ್ ಹರ್ಜಾವೆಕ್. ಮರುದಿನ ಒಹ್ತಾನಿಯೇ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದರು: ಲಾಸ್ ಏಂಜಲೀಸ್ ಡಾಜರ್ಸ್. 10 ವರ್ಷ, 70 ಕೋಟಿ ಡಾಲರ್.

ತಂಡದ ಅಧಿಕೃತ ಪ್ರಕಟಣೆ ಬಂದ ಮೇಲೆ ನಾವೂ ಹೆಸರು ಬದಲಿಸಿದೆವು. ಜಗಳ ಶುರುವಾಗಿದ್ದು ಸಂಬಳದ ಕಾಲಂನಲ್ಲಿ. ಆಡುವಾಗ ಅವರಿಗೆ ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ. ಉಳಿದ 68 ಕೋಟಿ 2034ರಿಂದ 2043ರವರೆಗೆ, ಬಡ್ಡಿ ಇಲ್ಲದೆ. ಮ್ಯಾನೇಜರ್ 7 ಕೋಟಿ ಹಾಕು ಅಂದರು. ನಾನು 20 ಲಕ್ಷ ಅಂದೆ. ಒಟ್ಟು ಸಂಬಳ ಮಿತಿ ಮೀರಿದರೆ ತಂಡ ಕಟ್ಟಬೇಕಾದ ‘ಐಷಾರಾಮಿ ತೆರಿಗೆ’ಯ ಲೆಕ್ಕಕ್ಕೆ ಲೀಗ್ ಹಿಡಿದದ್ದು ವರ್ಷಕ್ಕೆ ಸುಮಾರು 4.6 ಕೋಟಿ. ಈಗ ನಮ್ಮಲ್ಲಿ ಸಂಬಳಕ್ಕೆ ಮೂರು ಕಾಲಂ ಇವೆ.