ಬಕೆಟ್ಟಿನಿಂದ ಅಳೆದ ತೊರೆ

ತೊರೆಯ ನೀರಿನಿಂದ ವಿದ್ಯುತ್ತು ಮಾಡಲೆಂದು, ಬೇಸಿಗೆಯ ಕೊನೆಯಲ್ಲಿ, ತೊರೆ ಪೂರ್ತಿ ಸೊರಗಿದ್ದಾಗಲೇ ನೀರನ್ನು ಅಳೆದೆ. ಮಳೆಗಾಲದ ಅಬ್ಬರ ನಂಬಿ ಯಂತ್ರ ಕೊಳ್ಳಬಾರದು. 20 ಲೀಟರಿನ ಬಕೆಟ್ 4 ಸೆಕೆಂಡಿನಲ್ಲಿ ತುಂಬಿತು. ಅಂದರೆ ಸೆಕೆಂಡಿಗೆ 5 ಲೀಟರ್. ಅದರಲ್ಲಿ ಒಂದು ಲೀಟರನ್ನು ಮೀನು, ಕಪ್ಪೆಗಳಿಗೆಂದು ತೊರೆಯಲ್ಲೇ ಬಿಟ್ಟೆ. ಅದು ಅವುಗಳ ಮನೆ.

ಉಳಿದ 4 ಲೀಟರ್, ನೇರ ಎತ್ತರದಲ್ಲಿ 30 ಮೀಟರ್ ಇಳಿತ. ಇವೆರಡನ್ನು ಒಂದಕ್ಕೊಂದು ಗುಣಿಸಿ, ಮತ್ತೆ ಗುರುತ್ವದ ಅಂಕಿ 9.81ರಿಂದ ಗುಣಿಸಿದರೆ ಸುಮಾರು 1,177 ವ್ಯಾಟ್. ಪೈಪಿನ ಘರ್ಷಣೆ, ಟರ್ಬೈನು (ನೀರಿನಿಂದ ತಿರುಗುವ ಚಕ್ರ), ಜನರೇಟರುಗಳ ನಷ್ಟ ಕಳೆದರೆ ಅರ್ಧ ಸಿಗುತ್ತದೆ. ಕಡಿಮೆ ಎನ್ನಿಸಬಹುದು, ಆದರೆ ಹಗಲಿರುಳು ಹರಿದರೆ ದಿನಕ್ಕೆ 14 ಯೂನಿಟ್!

ಎತ್ತರ ಹೆಚ್ಚು, ನೀರು ಕಡಿಮೆ ಇರುವಲ್ಲಿ ಪೆಲ್ಟನ್ ಚಕ್ರವೆಂಬ ಟರ್ಬೈನೇ ಸರಿ. ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ಅದರ ಜೋಡಿ ಬಟ್ಟಲುಗಳನ್ನು ನೋಡುವುದೇ ನನಗೊಂದು ಸಂತೋಷ: ನಡುವಿನ ಏಣು ನೀರಿನ ಧಾರೆಯನ್ನು ಸೀಳಿ ಎರಡೂ ಬದಿಗೆ ಹಿಂದಕ್ಕೆ ತಿರುಗಿಸುತ್ತದೆ, ಆ ಹೊರಳುವಿಕೆಯಲ್ಲೇ ನೀರು ತನ್ನ ಬಲದ ಬಹುಪಾಲನ್ನು ಚಕ್ರಕ್ಕೆ ಕೊಟ್ಟುಬಿಡುತ್ತದೆ.

ಬಳಸದೆ ಉಳಿದ ವಿದ್ಯುತ್ತು ನೀರು ಕಾಯಿಸುವ ಹೀಟರಿಗೆ ಹೋಗುತ್ತದೆ. ಇಲ್ಲವಾದರೆ ಚಕ್ರದ ವೇಗ ಮಿತಿಮೀರುತ್ತದೆ.

ನಿಜವಾದ ದುಡಿಮೆ ಮೇಲೆ, ನೀರು ಪೈಪಿಗೆ ಇಳಿಯುವ ಜಾಲರಿಯಲ್ಲಿದೆ. ಎಲೆ ಉದುರುವ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಹತ್ತಿ ಹೋಗಿ ಕೈಯಿಂದಲೇ ಬಾಚುತ್ತೇನೆ.