ಹಳೇ ವಿಟೆಕ್ ತಗೊಳ್ಳಬಹುದಾ? ಎಷ್ಟು ಖರ್ಚಾದೀತು?

ನನ್ನ 2002ರ ಹೋಂಡಾ ಸಿಟಿ ವಿಟೆಕ್ ಕಾಸರಗೋಡು ಪೇಟೆಯಲ್ಲಿ ಎಲ್ಲಾದರೂ ನಿಂತರೆ ಸಾಕು, ಯಾರಾದರೂ ಬಂದು ಮಾತಿಗೆ ನಿಲ್ಲುತ್ತಾರೆ. ಕಳೆದ ವಾರ ಬದಿಯಡ್ಕ ಕಡೆಯ ಒಬ್ಬ ಹುಡುಗ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ. "ಅಣ್ಣಾ, ಇದೇ ಮಾಡೆಲ್ ಒಂದು ಕೊಡುವುದಕ್ಕಿದೆ. ತಗೊಳ್ಬಹುದಾ? ಏನೆಲ್ಲ ಹಾಳಾಗ್ತದೆ? ಎಷ್ಟು ಖರ್ಚಾದೀತು?" ಎಲ್ಲರೂ ಕೇಳುವುದು ಇದನ್ನೇ. ಹಿಂದೆ ಗಾಡಿಗಳ ಸಾಲು ಇತ್ತು, ಅವನಿಗೆ ಅರ್ಧ ಉತ್ತರ ಹೇಳಿ ಹೊರಟೆ. ಪೂರ್ತಿ ಉತ್ತರ ಇಲ್ಲಿದೆ.

ತಗೊಳ್ಳಬಹುದು. ಆದರೆ ಬಾನೆಟ್ ಎತ್ತುವ ಮೊದಲು ಕಾರಿನ ಅಡಿ ನೋಡಿ.

ಈ ಕಾರಿನ ಮೇಲೆ ಯಾಕಿಷ್ಟು ಆಸೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. 2000ದಲ್ಲಿ ಅದಕ್ಕೆ 1.5 ಲೀಟರಿನ ವಿಟೆಕ್ ಎಂಜಿನ್ ಬಂತು, 106 ಹಾರ್ಸ್‌ಪವರ್. ಕಾರು ಹಗುರ. ಎಂಜಿನ್ ತಿರುಗುವ ವೇಗ (ಆರ್‌ಪಿಎಂ) ಏರಿದಾಗ ಆಯಿಲ್ ಪ್ರೆಶರ್‌ನಿಂದ ಒಂದು ಪಿನ್ ಕೂತು, ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್‌ಗಳು ಜಾಸ್ತಿ ತೆರೆಯಲು ಶುರುವಾಗುತ್ತವೆ, ವಿಟೆಕ್ ಅಂದರೆ ಇದೇ. ಆಗ ಎಂಜಿನ್ನಿನ ಸ್ವರವೇ ಬೇರೆ. 2003ರಲ್ಲಿ ಬಂದ ಹೊಸ ಸಿಟಿಯಲ್ಲಿ ಶಕ್ತಿ 80ಕ್ಕಿಂತ ಕೆಳಗಿಳಿಯಿತು. ಹಳೆಯದನ್ನು ಇವತ್ತಿಗೂ ಹುಡುಕಿಕೊಂಡು ಹೋಗುವುದು ಅದಕ್ಕೇ.

ಈಗ ತುಕ್ಕಿನ ವಿಷಯ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ವರ್ಷವಿಡೀ ಉಪ್ಪುಗಾಳಿ. ಹಿಂದಿನ ಚಕ್ರದ ಮೇಲಿನ ಕಮಾನಿನ ಒಳಮಡಿಕೆಯಲ್ಲಿ ಕೆಸರು ಕೂರುತ್ತದೆ, ಒಣಗುವುದೇ ಇಲ್ಲ. ಹೊರಗೆ ಪೇಂಟ್ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ, ಅಷ್ಟೇ. ನನ್ನ ಕಾರಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಉಬ್ಬಿತ್ತು. ಟಿಂಕರಿಂಗ್ ಮಾಡುವವರು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲ ತಟ್ಟಿದರು. ಟಣ್ ಅನ್ನಬೇಕಾದ ತಗಡು ಹಪ್ಪಳದ ಹಾಗೆ ಮುರಿದು ಒಳಗೆ ಬಿತ್ತು. ನನ್ನ ಅಂಗೈ ಹೋಗುವಷ್ಟು ತೂತು. ಬಾಗಿಲಿನ ಕೆಳಗಿನ ಸಿಲ್ ಕೂಡ ಹಾಗೇ. ಕಾರ್ಪೆಟ್ ಎತ್ತಿದಾಗ ಹಳೇ ಗೋಣಿಯ ವಾಸನೆ, ಅಡಿಯ ತಗಡಿನಲ್ಲಿ ಕಂದು ಹುಡಿ. ಕತ್ತರಿಸಿ, ಹೊಸ ತಗಡು ಬೆಸೆದು, ಒಳಗೆ ಆಂಟಿರಸ್ಟ್ ಹೊಡೆದು, ಪೇಂಟ್ ಮುಗಿಯುವಾಗ 38,000 ರೂಪಾಯಿ. ಮೇಲೆ ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡೆದುಕೊಡುವವರು ಹತ್ತು ಸಾವಿರಕ್ಕೂ ಸಿಗುತ್ತಾರೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಎರಡು ಮಳೆಗಾಲ ಕಳೆಯುವಾಗ ತೂತು ಮೊದಲಿಗಿಂತ ದೊಡ್ಡದಾಗಿರುತ್ತದೆ.

ಎಂಜಿನ್ ವಿಷಯದಲ್ಲಿ ನನಗೆ ಭಯ ಕಡಿಮೆ. ಸಮಯಕ್ಕೆ ಆಯಿಲ್ ಬದಲಿಸಿದರೆ ತುಂಬ ಬಾಳುತ್ತದೆ. ಆಯಿಲ್ ಕಡಿಮೆಯಾದರೆ ಅಥವಾ ಕೊಳೆಯಾದರೆ ಮೊದಲು ಕೈಕೊಡುವುದು ವಿಟೆಕ್, ಯಾಕಂದರೆ ಅದು ನಡೆಯುವುದೇ ಆಯಿಲ್ ಪ್ರೆಶರ್‌ನಿಂದ. ವಾಲ್ವ್‌ಗಳನ್ನು ಪಿಸ್ಟನ್ನಿನ ಲಯಕ್ಕೆ ಸರಿಯಾಗಿ ನಡೆಸುವ ಟೈಮಿಂಗ್ ಬೆಲ್ಟ್ ಬದಲಿಸಲು ಮಾತ್ರ ತಡ ಮಾಡಬಾರದು. ಅದು ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಬೇಕು. ಹಿಂದಿನವರು "ಬದಲಿಸಿದ್ದೇನೆ" ಅಂದರೂ ಬಿಲ್ ಇಲ್ಲದಿದ್ದರೆ ನಂಬಬೇಡಿ, ಹೊಸದು ಹಾಕಿಸಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಹಾಗಾಗಿ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್ ಎಲ್ಲ ಒಟ್ಟಿಗೇ ಮಾಡಿಸಿದರೆ ಕೂಲಿ ಒಂದೇ. ನನಗೆ 8,500 ಆಯಿತು. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ವಯಸ್ಸಾದಾಗ ಬಿರುಕು ಬಿಡುತ್ತದೆ. ಅದು, ಹೋಸ್‌ಗಳು ಸೇರಿ 6,000. ಎಂಜಿನ್ ಬ್ಲಾಕ್ ಅಲ್ಯುಮಿನಿಯಮ್ಮಿನದು, ಒಮ್ಮೆ ಅತಿಯಾಗಿ ಬಿಸಿಯಾದರೆ ಹೆಡ್ ಮತ್ತು ಬ್ಲಾಕಿನ ನಡುವಿನ ಹೆಡ್ ಗ್ಯಾಸ್ಕೆಟ್ ಹಾಳಾಗುವ ತನಕ ಹೋಗುತ್ತದೆ. ಬಾವಿನೀರು ತುಂಬಿಸಬೇಡಿ, ಕೂಲಂಟ್ ಹಾಕಿ.

ಇನ್ನೊಂದು ತೊಂದರೆ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ. ಒಂದು ಏಪ್ರಿಲ್ ಮಧ್ಯಾಹ್ನ ಬೇಕಲ ಕೋಟೆ ನೋಡಿ ಬಂದು ಕೀ ತಿರುಗಿಸಿದೆ. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕಾರು ಎರಡು ಗಂಟೆ ಬಿಸಿಲಲ್ಲಿ ನಿಂತಿತ್ತು. ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಕಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಒಂದು ವರ್ಕ್‌ಶಾಪಿನಲ್ಲಿ ಪೆಟ್ರೋಲ್ ಪಂಪ್ ಬದಲಿಸಬೇಕು ಅಂದರು. ನಾನು ಒಪ್ಪಲಿಲ್ಲ. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು, ಅದು ಪಂಪಿನ ಸದ್ದು. ತಣ್ಣಗಿದ್ದಾಗ ಬರುತ್ತಿತ್ತು, ಬಿಸಿಯಾದಾಗ ಇಲ್ಲ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಆ ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇ ಅಂತ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ ಇದೆ. ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆ. ಬೆಸುಗೆಯ ಒಂದು ಚುಕ್ಕಿಯ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದ ಬಿರುಕು. ಬಿಸಿಗೆ ಅದು ಬಾಯಿ ಬಿಡುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ಟಿವಿ ರಿಪೇರಿ ಮಾಡುವವರು ಹತ್ತು ನಿಮಿಷದಲ್ಲಿ ಮತ್ತೆ ಬೆಸೆದು 200 ರೂಪಾಯಿ ತಗೊಂಡರು. ಇವತ್ತಿನ ತನಕ ಮತ್ತೆ ಆ ತೊಂದರೆ ಬಂದಿಲ್ಲ.

ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಗಮನಿಸಿ. ಒಳಗಿನ ಸೀಲ್ ಸವೆದರೆ ಆಯಿಲ್ ನುಗ್ಗುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ. ಬೆಂಗಳೂರಿನ ಶಿವಾಜಿನಗರದಿಂದ ಒಂದು ಹಳೇ ಡಿಸ್ಟ್ರಿಬ್ಯೂಟರ್ ತರಿಸಿದೆ, ಕೂಲಿ ಸೇರಿ 7,500. ಇನ್ನು ರಬ್ಬರ್. ಎಂಜಿನ್ನನ್ನು ಹಿಡಿದಿಡುವ ಮೌಂಟ್ 9,000, ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್‌ಗಳಿಗೆ 16,000. ಹೆದ್ದಾರಿ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ತಲಪಾಡಿಯಿಂದ ಕಾಸರಗೋಡು ತನಕ ದಿನಾ ಓಡಿಸಿದ್ದೆ, ಬುಷ್ ಉಳಿಯುವುದಾದರೂ ಹೇಗೆ?

ಎಲ್ಲ ಕೂಡಿಸಿದರೆ ಮೊದಲ ಎರಡು ವರ್ಷಕ್ಕೆ 85,200. ಕಾರಿಗೆ ನಾನು ಕೊಟ್ಟದ್ದು 90,000. ಆಮೇಲೆ ವರ್ಷಕ್ಕೆ ಹದಿನೈದು ಸಾವಿರ ದಾಟಿದ್ದು ಕಡಿಮೆ. ಹಾಗಾಗಿ ಆ ಹುಡುಗನಿಗೆ ಹೇಳಿದೆ, ಕೈಯಲ್ಲಿ ಒಂದು ಲಕ್ಷ ಇದ್ದರೆ ಐವತ್ತು ಸಾವಿರದ ಕಾರು ನೋಡು, ಲಕ್ಷದ ಕಾರು ಬೇಡ ಅಂತ. ರಿಪೇರಿಗೆ ದುಡ್ಡು ಉಳಿಯದಿದ್ದರೆ ಕಾರು ಅಂಗಳದಲ್ಲೇ ಮಳೆಗೆ ನೆನೆದುಕೊಂಡು ನಿಲ್ಲುತ್ತದೆ.

ಕಾಗದಪತ್ರದ ಖರ್ಚೂ ಇದೆ. 15 ವರ್ಷ ದಾಟಿದ ಕಾರಿನ ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ 600 ರೂಪಾಯಿ ಇದ್ದದ್ದನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 5,000 ಮಾಡಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಅಂತ ಹೊಸ ಆದೇಶ ಬಂತು. ಆರ್‌ಸಿ ಎಷ್ಟನೇ ಇಸವಿ ತನಕ ಇದೆ ಅಂತ ನೋಡಿಯೇ ರೇಟ್ ಮಾತಾಡಿ. ಮಂಗಳೂರಿನ ಕೆಎ 19 ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕೇರಳದ ತೆರಿಗೆ ಎಲ್ಲ ಸೇರುತ್ತದೆ. ಕಾಸರಗೋಡಿನ ಕೆಎಲ್ 14 ಗಾಡಿ ಐದು ಸಾವಿರ ಜಾಸ್ತಿಯಾದರೂ ಒಳ್ಳೆಯದು.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಈ ಕಾರಿನ ರಬ್ಬರ್ ಪೈಪ್‌ಗಳು ಎಥನಾಲ್ ಇಲ್ಲದ ಕಾಲದವು. ನಾನು ಎಥನಾಲ್ ತಡೆಯುವ ಪೈಪ್ ಹಾಕಿಸಿದೆ, 1,800 ಆಯಿತು. ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ನೋಡಿಸಿ, ಬೆಂಕಿಯ ವಿಷಯ ಅದು.

ಕಾರು ನೋಡಲು ಹೋಗುವುದಾದರೆ ಜೋರು ಮಳೆ ಬಂದ ಮರುದಿನ ಹೋಗಿ. ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್ ಇರಲಿ. ಕಾರ್ಪೆಟ್ ಎತ್ತಲು ಬಿಡದಿದ್ದರೆ ಚಾ ಕುಡಿದು ವಾಪಸ್ ಬನ್ನಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಸುತ್ತಮುತ್ತ ಆದರೆ ನನಗೂ ಹೇಳಿ. ಭಾನುವಾರ ಬಿಡುವಿರುತ್ತದೆ, ನಾನೂ ಬಂದು ಅಡಿ ನೋಡುತ್ತೇನೆ.