ಮಲಬದ್ಧತೆ ಅಂದುಕೊಂಡಿದ್ದೆ

ನಮ್ಮ ಬೆಕ್ಕು ಗುಂಡ ಬೆಳಗ್ಗೆಯಿಂದ ಆರೇಳು ಸಲ ಟ್ರೇಗೆ ಹೋಗಿ, ಮರಳು ಕೆರೆದು, ಬೆನ್ನು ಬಾಗಿಸಿ ಕೂತು ತಿಣುಕಿ, ಏನೂ ಮಾಡದೆ ಎದ್ದು ಬಂದಿದ್ದ. ಮಧ್ಯೆ ಮಧ್ಯೆ ಕೂಗುತ್ತಿದ್ದ. ಮಲಬದ್ಧತೆ ಇರಬೇಕು, ನಾಳೆ ನೋಡಿದರಾಯಿತು ಅಂದುಕೊಂಡೆ. ರಾತ್ರಿ ಒಂದು ಸಲ ವಾಂತಿ ಮಾಡಿ ಮಂಚದ ಕೆಳಗೆ ಸೇರಿಕೊಂಡ. ಕೂಗುವುದು ನಿಂತಿತ್ತು. ಸದ್ಯ, ನೋವು ಕಡಿಮೆಯಾಯಿತಲ್ಲ ಅಂತ ಹೋಗಿ ಮಲಗಿದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ನಡುರಾತ್ರಿ ನೀರು ಕುಡಿಯಲು ಎದ್ದವಳು ಬಗ್ಗಿ ನೋಡಿದರೆ, ಕರೆದರೂ ಅವನ ಕಿವಿ ಅಲ್ಲಾಡಲಿಲ್ಲ.

ಎಮರ್ಜೆನ್ಸಿ ಆಸ್ಪತ್ರೆಯಲ್ಲಿ ನಮಗಿಂತ ಮೊದಲೇ ಒಂದು ನಾಯಿ ಬಂದಿತ್ತು. ಪಾದ ಸೀಳಿತ್ತು, ಟವೆಲ್ ತುಂಬಾ ರಕ್ತ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅರಚುತ್ತಿತ್ತು. ಗುಂಡ ಬುಟ್ಟಿಯಲ್ಲಿ ಸುಮ್ನೆ ಬಿದ್ದಿದ್ದ. ನರ್ಸ್ ಅವನ ತುಟಿ ಎತ್ತಿ, ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಬೆಳ್ಳಗಾದ ಜಾಗ ಮತ್ತೆ ಕೆಂಪಾಗುವುದನ್ನು ಕಾದರು. ಎರಡು ಸೆಕೆಂಡಿನೊಳಗೆ ಆಗಬೇಕಂತೆ. ಆಗಲಿಲ್ಲ. ಹೊಟ್ಟೆ ಮುಟ್ಟಿದರು, "ಗಂಡಾ?" ಅಂತ ಒಂದೇ ಮಾತು ಕೇಳಿ ಬುಟ್ಟಿ ಸಮೇತ ಒಳಗೆ ಓಡಿದರು. ನಾಯಿಯ ಯಜಮಾನರು "ನಾವು ಮೊದಲು ಬಂದಿದ್ದು" ಅಂತ ರೇಗಿದರು. ಅವರ ಜಾಗದಲ್ಲಿ ನಾನಿದ್ದರೂ ರೇಗುತ್ತಿದ್ದೆ. ಆದರೆ ಅಲ್ಲಿ ಸರದಿ ಅನ್ನುವುದೇ ಇಲ್ಲ, ಉಸಿರು, ಎದೆಬಡಿತ, ಪ್ರಜ್ಞೆ ಯಾರದು ಕೆಟ್ಟಿದೆಯೋ ಅವರು ಮೊದಲು. ಅರಚುವಷ್ಟು ಶಕ್ತಿ ಇರುವ ಪ್ರಾಣಿ ಸ್ವಲ್ಪ ಕಾಯಬಹುದು.

ಗುಂಡನ ಮೂತ್ರನಾಳ ಮುಚ್ಚಿಹೋಗಿತ್ತು. ಗಂಡು ಬೆಕ್ಕಿಗೆ ಆ ನಾಳ ತೀರಾ ಸಣ್ಣ, ಹರಳಿನ ಪುಡಿ, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಆಗಿಬಿಡುತ್ತದೆ. ಉಚ್ಚೆ ಹೊರಗೆ ಹೋಗದಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತಾ ಹೋಗುತ್ತದೆ, ಅದು ನೇರ ಹೃದಯಕ್ಕೆ ಹೊಡೆತ. ಆಸ್ಪತ್ರೆಗೆ ಬಂದ ಬೆಕ್ಕಿನ ಎದೆ ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 220 ಸಲ ಬಡಿಯುತ್ತದೆ. ಇವನದು 90.

ಮೊದಲು ತಡೆ ತೆಗೆಯುತ್ತಾರೆ ಅಂದುಕೊಂಡಿದ್ದೆ, ಇಲ್ಲ. ಆ ಹೃದಯ ಅರಿವಳಿಕೆ ತಡೆಯುವುದಿಲ್ಲ. ಇಸಿಜಿ ಪರದೆ ನೋಡುತ್ತಾ ಕ್ಯಾಲ್ಸಿಯಂ ಗ್ಲುಕೋನೇಟನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರು. ಗುಡಾರದ ಹಾಗೆ ಚೂಪಾಗಿ ಎದ್ದಿದ್ದ ಗೆರೆಗಳು ಕಣ್ಣೆದುರೇ ತಗ್ಗುತ್ತಾ ಬಂದವು. ಇದರಿಂದ ಪೊಟ್ಯಾಸಿಯಂ ಒಂದು ಚೂರೂ ಇಳಿಯುವುದಿಲ್ಲ, ಹೃದಯಕ್ಕೆ ಒಂದರ್ಧ ಗಂಟೆ ರಕ್ಷಣೆ ಸಿಗುತ್ತದೆ ಅಷ್ಟೇ ಅಂದರು ಡಾಕ್ಟರ್. ಇಳಿಸುವುದಕ್ಕೆ ಇನ್ಸುಲಿನ್, ಗ್ಲುಕೋಸ್, ಡ್ರಿಪ್. ಆಮೇಲೆ ತಡೆ ಬಿಡಿಸಿ ಮೂತ್ರನಾಳಕ್ಕೆ ಸಣ್ಣ ಕೊಳವೆ, ಅಂದರೆ ಕ್ಯಾಥೆಟರ್.

ಅದರ ನಡುವೆ ಒಂದು ಫಾರಂ ಕೊಟ್ಟರು. ಹೃದಯ ನಿಂತರೆ ಸಿಪಿಆರ್ ಮಾಡಬೇಕಾ ಬೇಡವಾ? ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುತ್ತೇವೆ, ಆದರೂ ವಾಪಸ್ ಮನೆಗೆ ಹೋಗುವವು ಕಡಿಮೆಯೇ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಹೌದು ಅಂತ ಟಿಕ್ ಹಾಕಿದೆ. ಪೆನ್ನು ಬರೆಯಲಿಲ್ಲ, ಬೇರೆ ಕೇಳಿ ಇಸ್ಕೊಂಡು ಹಾಕಿದೆ.

ಹಾಲ್‌ನಲ್ಲಿ ಬೆಳಗಾಗುವವರೆಗೆ ಕೂತಿದ್ದೆ. ದೊಡ್ಡ ನಾಯಿಯೊಂದು ಬಂತು, ಓಕರಿಸುತ್ತಿದೆ, ಬಾಯಿಂದ ನೊರೆ ಬಿಟ್ಟು ಏನೂ ಬರುತ್ತಿಲ್ಲ, ಹೊಟ್ಟೆ ಡೋಲಿನ ಹಾಗೆ. ಗ್ಯಾಸ್ ತುಂಬಿದ ಹೊಟ್ಟೆ ತಿರುಚಿಕೊಂಡಿದೆಯಂತೆ, ನೇರ ಆಪರೇಷನ್ ಕೋಣೆಗೆ. ಬೆಳಗಿನ ಜಾವ ಒಬ್ಬರು ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟು ತಂದಿದ್ದರು. ಬೆಕ್ಕಿಗೆ ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು, ರಕ್ತ ಆಕ್ಸಿಜನ್ ಹೊರುವುದನ್ನೇ ಬಿಡುತ್ತದೆ. ಅದರ ಒಸಡು ಕಂದು ಬಣ್ಣಕ್ಕೆ ತಿರುಗಿತ್ತು. ಪಾಪ, ಒಳ್ಳೆಯದಾಗಲಿ ಅಂತಲೇ ಕೊಟ್ಟಿದ್ದು.

ಗುಂಡ ಎರಡು ದಿನ ಕ್ಯಾಥೆಟರ್ ಹಾಕಿಕೊಂಡು ಇದ್ದ. ತಡೆ ಹೋದ ಮೇಲೆ ಕೊಡ ಕವುಚಿದ ಹಾಗೆ ಉಚ್ಚೆ ಬರುತ್ತದೆ, ಹೋದಷ್ಟು ಡ್ರಿಪ್‌ನಲ್ಲಿ ತುಂಬಬೇಕು, ಅದಕ್ಕೇ ಉಚ್ಚೆ ಚೀಲವನ್ನು ಆಗಾಗ ಅಳೆದು ಬರೆದಿಡುತ್ತಿದ್ದರು. ಮನೆಗೆ ಕಳಿಸುವಾಗ ಮತ್ತೆ ಮುಚ್ಚಿಕೊಳ್ಳುವುದು ಜಾಸ್ತಿ, ಮೊದಲ ವಾರ ಹುಷಾರು ಅಂದರು. ವಾರ ಕಳೆದು ತಿಂಗಳುಗಳೇ ಆದವು. ಈಗಲೂ ಬೆಳಗ್ಗೆ ಎದ್ದ ತಕ್ಷಣ ಟ್ರೇ ಕೆದಕಿ ಉಚ್ಚೆಗೆ ಗಟ್ಟಿಯಾದ ಮರಳಿನ ಉಂಡೆ ಎಣಿಸುತ್ತೇನೆ. ಇವತ್ತು ಮೂರಿತ್ತು.